ತವರಿನ ರಸ್ತೆಯ ಫೋಟೋಗಳು

ಗೆಳತಿಯರೇ, ಬರೀ ರಸ್ತೆಯ ಫೋಟೋ ತೆಗೆಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮದುವೆಯ ಫೋಟೋ, ಕುಬಸದ ಫೋಟೋ, ತೊಟ್ಟಿಲ ಫೋಟೋ ನಮಗೆಲ್ಲ ಗೊತ್ತು. ಹೆಚ್ಚೆಂದರೆ ಗೋಳಗುಮ್ಮಟದ ಮುಂದೆ ಮನೆಮಂದಿಯೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಒಂದು ಫೋಟೋ. ಆದರೆ ರಸ್ತೆ, ರಸ್ತೆ ಪಕ್ಕದ ಮುಚ್ಚಿದ ಪೆಟ್ರೋಲ್ ಪಂಪು, ತುಕ್ಕು ಹಿಡಿದ ಬೋರ್ಡು ಇವುಗಳ ಫೋಟೋ ತೆಗೆಯಲೆಂದೇ ಜನ ದೇಶ ಸುತ್ತುತ್ತಾರೆ ಎಂದು ನನಗೆ ತಿಳಿದದ್ದು ಹೋದ ವರ್ಷ ಸಂಕ್ರಾಂತಿಯ ಮುಂಚೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತ ಕೂತಿದ್ದಾಗ.

ನಮ್ಮ ಭಾವನವರ ಮಗ ಅಮೆರಿಕದಲ್ಲಿದ್ದಾನೆ. ಅವನು ರಜೆಯಲ್ಲಿ ಯಾವುದೋ ಹಳೇ ರಸ್ತೆ ಹಿಡಿದು ಹೋಗಿ, ಮನೆಯವರ ವಾಟ್ಸಾಪ್ ಗುಂಪಿಗೆ ಸಾಲು ಸಾಲು ಫೋಟೋ ಕಳಿಸಿದ. ಒಂದರಲ್ಲಿ ಹತ್ತು ಕಾರುಗಳನ್ನು ಮೂತಿ ಕೆಳಗೆ ಮಾಡಿ ಹೊಲದಲ್ಲಿ ಹೂತಿದ್ದಾರೆ. ಇನ್ನೊಂದರಲ್ಲಿ ಗುಡಾರದ ಆಕಾರದ ಸಿಮೆಂಟಿನ ಕೋಣೆಗಳು, ಪ್ರವಾಸಿಗಳು ರಾತ್ರಿ ಮಲಗಲಿಕ್ಕಂತೆ. ಮತ್ತೊಂದರಲ್ಲಿ ಕೆರೆಯ ದಂಡೆಗೆ ನೀಲಿ ಬಣ್ಣದ ದೊಡ್ಡ ತಿಮಿಂಗಿಲ, ಬಾಯಿ ತೆರೆದು ನಗುತ್ತಿದೆ! ನಮ್ಮ ಮನೆಯವರು ಫೋನ್ ನೋಡಿ, "ಇವಗ ನೋಡಲಿಕ್ಕೆ ಬ್ಯಾರೆ ಏನೂ ಸಿಗಲಿಲ್ಲೇನು?" ಎಂದು ನಕ್ಕರು.

ನಾನು ಹಿಟ್ಟಿನ ಕೈಯಲ್ಲೇ ಅವನಿಗೆ ಫೋನ್ ಹಚ್ಚಿ ಕೇಳಿದೆ. ಅವನು ತಾಳ್ಮೆಯಿಂದ ಹೇಳಿದ. ಆ ರಸ್ತೆಗೆ ರೂಟ್ 66 ಎಂದು ಹೆಸರು. 1926ರಲ್ಲಿ ಹೆಸರಿಟ್ಟರಂತೆ. ಚಿಕಾಗೋದಿಂದ ಪಶ್ಚಿಮ ಸಮುದ್ರದ ದಂಡೆಯವರೆಗೆ ಸುಮಾರು 3,900 ಕಿಲೋಮೀಟರ್. 1930ರ ದಶಕದ ಬರಗಾಲದಲ್ಲಿ, ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ರೈತರು ಗಂಟುಮೂಟೆ ಕಟ್ಟಿಕೊಂಡು ಕೂಲಿ ಹುಡುಕುತ್ತ ಹೋದದ್ದು ಇದೇ ರಸ್ತೆಯಲ್ಲಿ. ಬರ ಬಿದ್ದಾಗ ನಮ್ಮ ಜಿಲ್ಲೆಯವರು ಗೋವಾಕ್ಕೂ ಮಹಾರಾಷ್ಟ್ರಕ್ಕೂ ಗುಳೆ ಹೋಗುತ್ತಾರಲ್ಲ, ಹಾಗೆ. ಮುಂದೆ ದೊಡ್ಡ ದೊಡ್ಡ ಹೊಸ ರಸ್ತೆಗಳಾದವು. 1985ರಲ್ಲಿ ಸರಕಾರ ಇದರ ನಂಬರನ್ನೇ ಪಟ್ಟಿಯಿಂದ ತೆಗೆದುಹಾಕಿತು. ಜನ ಬಿಡಲಿಲ್ಲ. ಉಳಿದ ತುಂಡು ತುಂಡು ರಸ್ತೆಯ ಮೇಲೆ ಹೋಗಿ, ಹಳೇ ಅಂಗಡಿ, ಹಳೇ ಬೋರ್ಡು ಹುಡುಕಿ ಹುಡುಕಿ ಫೋಟೋ ತೆಗೆಯುತ್ತಾರೆ.

"ಮತ್ತ ಆ ನೀಲಿ ಮೀನು?" ಎಂದೆ.

"ಅದು ಒಬ್ಬ ಗಂಡ ಹೆಂಡತಿಗೆ ಕೊಟ್ಟ ಉಡುಗೊರೆ, ಕಾಕೂ. ಆಕಿಗೆ ತಿಮಿಂಗಿಲದ ಗೊಂಬಿ ಕೂಡಿಡೂ ಹುಚ್ಚಿತ್ತಂತ. ಮದುವಿ ದಿನದ ನೆನಪಿಗೆ ಅಂತ ಇಷ್ಟ ದೊಡ್ಡದು ಕಟ್ಟಿಬಿಟ್ಟ" ಎಂದ. ಆಮೇಲೆ ಸುಮ್ಮನೆ ಕೇಳಿದ, "ಕಾಕೂ, ನಿಮ್ಮ ರಸ್ತಾ ಯಾವುದು? ಒಂದು ಫೋಟೋ ಕಳಿಸ್ರಿ."

ಹುಡುಗ ನಗಾಡುತ್ತ ಕೇಳಿದ ಮಾತು. ನನಗೆ ಮಾತ್ರ ಗಂಟಲು ಕಟ್ಟಿತು. ನನ್ನ ರಸ್ತೆ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷದಿಂದ ಆ ರಸ್ತೆಯನ್ನು ನಾನು ಪೂರ್ತಿ ತುಳಿದಿರಲಿಲ್ಲ.

ನನ್ನ ತವರು ತಿಕೋಟಾದ ಕಡೆಯದು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ 20 ಕಿಲೋಮೀಟರಿನ ಆಸುಪಾಸು. ಎಸ್ಸೆಸ್ಸೆಲ್ಸಿ ಆದಮೇಲೆ ಅಪ್ಪ ನನ್ನ ಓದು ನಿಲ್ಲಿಸಿದ್ದು ಇದೇ ರಸ್ತೆಯ ಸಲುವಾಗಿ. ಹೆಣ್ಣುಹುಡುಗಿ ದಿನಾ ಬಸ್ಸಿನಲ್ಲಿ ಬಿಜಾಪುರಕ್ಕೆ ಹೋಗಿಬರುವುದು ಬೇಡ ಎಂದರು. 1999ರಲ್ಲಿ ಮದುವೆಯಾಗಿ ಅದೇ ಬಿಜಾಪುರಕ್ಕೇ ಬಂದೆ, ಅದೇ ರಸ್ತೆಯಲ್ಲೇ! ಈಗ ನನ್ನ ಮಗಳು ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುತ್ತಾಳೆ. ನನ್ನನ್ನು ಕಾಲೇಜಿಗೆ ಬಿಡದ ರಸ್ತೆಯಲ್ಲೇ ದಿನಾ ಅರ್ಧ ದಾರಿ ಹೋಗಿಬರುತ್ತಾಳೆ.

ಅವ್ವ ಮೊದಲೇ ಹೋಗಿದ್ದಳು. ಅಪ್ಪನೂ ಹೋದಮೇಲೆ ನನಗೂ ತಮ್ಮನಿಗೂ ಮಾತಾಯಿತು. ಅವನು ದ್ರಾಕ್ಷಿ ಪಡ ಹಚ್ಚಬೇಕೆಂದು ಸಾಲಕ್ಕೆ ಹೊರಟ. ಉತಾರದಲ್ಲಿ ನನ್ನ ಹೆಸರೂ ಇತ್ತು, ಸಹಿ ಬೇಕಾಯಿತು. 2005ರ ಕಾನೂನಿನಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಕಣ್ಣು ಮುಚ್ಚಿ ಸಹಿ ಹಾಕಬೇಡ ಎಂದು ನಾಲ್ಕು ಮಂದಿ ಹೇಳಿದರು. ನಾನು, "ಮೊದಲ ನನ್ನ ಪಾಲು ಎಷ್ಟಂತ ಬರದ ಕೊಡು" ಎಂದೆ. ಅವನಿಗೆ ಸಿಟ್ಟು ಬಂತು. "ನಿನ್ನ ಮದುವಿಗೆ ಅಪ್ಪ ಮಾಡಿದ ಸಾಲ ನಾ ತೀರಿಸೀನಿ. ಅದನ್ನೂ ಬರದ ಕೊಡ್ಲೇನು?" ಎಂದ. ನೋಡಿ, ಅವನ ಮಾತೂ ಸುಳ್ಳಲ್ಲ, ನನ್ನ ಮಾತೂ ತಪ್ಪಲ್ಲ. ಅದಕ್ಕೇ ಜಗಳ ಬಗೆಹರಿಯಲಿಲ್ಲ. ಪಂಚಮಿಗೆ ಕರೆಯಲು ಅವನು ಬರಲಿಲ್ಲ. ಕರೆಯದೆ ನಾನು ಹೋಗಲಿಲ್ಲ. ಹೀಗೆ ಮೂರು ಪಂಚಮಿ ಕಳೆದವು. ಮಾಡಿದ ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಯಲ್ಲೇ ಉಳಿದವು.

ಫೆಬ್ರವರಿಯ ಒಂದು ಭಾನುವಾರ ಮಗಳಿಗೆ ಹೇಳಿದೆ, "ನಡಿಯವಾ, ಸ್ಕೂಟಿ ತಗಿ. ಅಥಣಿ ರಸ್ತಾದಾಗ ನಾಲ್ಕು ಫೋಟೋ ತಗದು ಅಮೆರಿಕಾಕ್ಕ ಕಳಸೂಣು." ಮನೆಯವರು ಬಾಗಿಲಲ್ಲಿ ನಿಂತು, "ಗೋಳಗುಮ್ಮಟಾ ಬಿಟ್ಟು ಮೈಲಗಲ್ಲಿನ ಫೋಟೋ ತಗೀಲಿಕ್ಕೆ ಹೊಂಟೀಯೇನು?" ಎಂದು ಚೇಷ್ಟೆ ಮಾಡಿದರು. ತವರಿನವರೆಗೆ ಹೋಗುತ್ತೀಯಾ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊದಲ ಫೋಟೋ ಕೋಟೆಯ ಪಶ್ಚಿಮ ಗೋಡೆಯದು. ಅಲ್ಲಿ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ಅದನ್ನು ಇಲ್ಲಿಗೆ ಎಳೆದುತರಲು 400 ಎತ್ತು, 10 ಆನೆ ಬೇಕಾದವು ಅಂತಾರೆ. ಟಾರಿಲ್ಲದ ಕಾಲ, ಕರಿಮಣ್ಣಿನ ನೆಲ. ಮಳೆಗಾಲದಲ್ಲಿ ನಮ್ಮ ಹೊಲದಲ್ಲಿ ಬರಿಯ ಚಕ್ಕಡಿ ಸಿಕ್ಕಿಬಿದ್ದರೆ ಎಳೆಯಲು ಊರೇ ಕೂಡುತ್ತಿತ್ತು. ಇದನ್ನು ಹೇಗೆ ತಂದರೋ!

ಅಲ್ಲಿಂದ ಸ್ವಲ್ಪ ದೂರಕ್ಕೆ ಇಬ್ರಾಹಿಂ ರೋಜಾ. ಎರಡನೇ ಇಬ್ರಾಹಿಂ ಆದಿಲಶಾಹ ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಆರಂಭಿಸಿದ ಗೋರಿ. ಕೊನೆಗೆ ಅವನನ್ನೂ ಅಲ್ಲೇ ಮಣ್ಣು ಮಾಡಿದರು. ನಮ್ಮೂರಿನ ತಾಜ್ ಬಾವಡಿಗೂ ಆಕೆಯದೇ ಹೆಸರು. ಈ ಫೋಟೋದ ಜೊತೆ ಭಾವನವರ ಮಗನಿಗೆ ಬರೆದೆ, "ನಿಮ್ಮಲ್ಲಿ ಗಂಡ ಹೆಂಡತಿಗೆ ಮೀನು ಕಟ್ಟಿಕೊಟ್ಟಾನ. ನಮ್ಮ ರಸ್ತಾದಾಗ ಇದನ್ನ ಕಟ್ಟ್ಯಾನ ನೋಡಪಾ." ಮನೆಯವರಿಗೂ ಅದನ್ನು ತೋರಿಸಿದೆ. ಅವರು ಆ ಮಾತಿಗೆ ಕಿವಿಯೇ ಕೊಡಲಿಲ್ಲ.

ಇದೇ ದಿಕ್ಕಿನಲ್ಲಿ, ರಸ್ತೆ ಬಿಟ್ಟು ಒಳಗೆ ಹೋದರೆ ಹೆಂಗಸರ ಗೋರಿಗಳ ಸಾಲು ಇದೆ. ಒಂದೇ ಅಳತೆ, ಒಂದೇ ಕರಿಕಲ್ಲು, ಅರವತ್ತರ ಮೇಲೆ. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು ಅಫಜಲಖಾನನು ತಾನು ತಿರುಗಿ ಬರುವುದಿಲ್ಲವೆಂದು ತಿಳಿದು ತನ್ನ ಹೆಂಡಿರನ್ನು ಕೊಲ್ಲಿಸಿದ ಎಂಬುದು ಜನರ ಬಾಯಲ್ಲಿರುವ ಕತೆ. ಒಬ್ಬಾಕೆಗೆ ರೋಜಾ ಕಟ್ಟಿದ ರಸ್ತೆಯಲ್ಲೇ ಇಂಥದೂ ಒಂದು ಕತೆ ಇದೆ. ಅಲ್ಲಿ ಫೋಟೋ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಮಗಳೂ ಫೋನ್ ಚೀಲದಲ್ಲಿಟ್ಟಳು.

ಮುಂದಿನ ಭಾನುವಾರ ತೊರವಿಯವರೆಗೆ ಹೋದೆವು. ಊರಿಂದ ಆರೇಳು ಕಿಲೋಮೀಟರ್. ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದದ್ದು ಈ ಊರಿನ ನರಸಿಂಹನನ್ನು ನೆನೆದು ಎಂದು ಸಾಲಿಯಲ್ಲಿ ಓದಿದ್ದೆವಲ್ಲ! ಅದೇ ನರಸಿಂಹನ ಗುಡಿಗೆ ಕೈಮುಗಿದು ಫೋಟೋ ತೆಗೆದೆ. ಹತ್ತಿರದಲ್ಲೇ ನವರಸಪುರ. ಇಬ್ರಾಹಿಂ 1599ರಲ್ಲಿ ಸಂಗೀತಕ್ಕಾಗಿಯೇ ಹೊಸ ಊರು ಕಟ್ಟಿಸಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಇಪ್ಪತ್ತೈದು ವರ್ಷವೂ ಪೂರ್ತಿ ಬಾಳದ ಊರು! ಈಗ ಸಂಗೀತ ಮಹಲಿನ ಎತ್ತರದ ಕಮಾನು ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. ತೊರವಿಯ ಕಡೆಯಿಂದ ಬಿಜಾಪುರಕ್ಕೆ ಕುಡಿಯುವ ನೀರು ನೆಲದೊಳಗಿನ ಸುರಂಗದಲ್ಲಿ ಬರುತ್ತಿತ್ತಂತೆ, ಆದಿಲಶಾಹಿ ಕಾಲದಲ್ಲಿ. ಮೇಲೆ ಜನ ನಡೆಯುವ ರಸ್ತೆ, ಕೆಳಗೆ ನೀರು ನಡೆಯುವ ರಸ್ತೆ. ಒಂದು ಕೊಡ ನೀರಿಗೆ ಪಾಳಿ ನಿಂತ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ನಾನು ಏನೋ ಹೊಸದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮಗಳು ಫೋನಿನಲ್ಲಿ ಹಳೇ ಪುಸ್ತಕ ತೋರಿಸಿದಳು. ಬಿಜಾಪುರದ ಕಟ್ಟಡಗಳ ಫೋಟೋಗಳ ಪುಸ್ತಕ 1866ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿದೆ! ಕರ್ನಲ್ ಬಿಗ್ಸ್, ಮೇಜರ್ ಲಾಕ್ ಎಂಬಿಬ್ಬರು ತೆಗೆದ ಫೋಟೋಗಳು. ಗಾಜಿನ ಪೆಟ್ಟಿಗೆ, ರಾಸಾಯನಿಕ ಎಲ್ಲ ಹೊತ್ತುಕೊಂಡು ನಮ್ಮ ಬಿಸಿಲಿನಲ್ಲಿ ತೆಗೆದದ್ದು. ಗುಮ್ಮಟ, ಮಸೀದಿ, ರೋಜಾ ಎಲ್ಲವೂ ಇವೆ. ನಾನು ಒಂದೊಂದನ್ನೇ ನೋಡಿದೆ. ದೊಡ್ಡವರ ಕಟ್ಟಡಗಳನ್ನು ನೂರೈವತ್ತು ವರ್ಷದಿಂದ ಫೋಟೋ ತೆಗೆಯುತ್ತಲೇ ಇದ್ದಾರೆ. ಅವು ನಾಳೆ ಬಿದ್ದರೂ ಹೇಗಿದ್ದವು ಎಂದು ಹೇಳಲು ಚಿತ್ರ ಉಂಟು. ರಸ್ತೆ ಪಕ್ಕದ ಚಹಾದ ಅಂಗಡಿಗೆ, ಬಸ್ಸು ನಿಲ್ಲುವ ಗಿಡಕ್ಕೆ ಯಾರಿದ್ದಾರೆ?

ಹಾಗೆಂದು ಮೂರನೆಯ ಭಾನುವಾರ ತೊರವಿ ದಾಟಿದೆವು. ಅಲ್ಲಿಂದ ಆಚೆ ಚರಿತ್ರೆಯ ಪುಸ್ತಕದಲ್ಲಿ ಬರುವಂಥದು ಕಡಿಮೆ. ನನ್ನ ಪುಸ್ತಕ ಅಲ್ಲೇ ಶುರುವಾಗುತ್ತದೆ. ಮಿರ್ಚಿ ಭಜಿಯ ತಗಡಿನ ಅಂಗಡಿ. ಅರವಟ್ಟಿಗೆಯ ಹರವಿ, ಮೇಲೆ ಹಸಿ ಗೋಣಿ ತಟ್ಟು. ರಸ್ತೆಯ ಎರಡೂ ಕಡೆ ದ್ರಾಕ್ಷಿ ಪಡ, ನಡುನಡುವೆ ಮಣೂಕ ಒಣಗಿಸುವ ಶೆಡ್ಡುಗಳು. ದ್ರಾಕ್ಷಿ ಗೊನೆಯನ್ನು ಔಷಧಿಯ ನೀರಿನಲ್ಲಿ ಅದ್ದಿ, ಹಸಿರು ಬಲೆಯ ಅಟ್ಟಗಳ ಮೇಲೆ ಹರಡುತ್ತಾರೆ. ಬಿಸಿಲು ತಾಗಬಾರದು, ಗಾಳಿ ಮಾತ್ರ ಆಡಬೇಕು. ಎರಡು ವಾರದ ಹೊತ್ತಿಗೆ ಮಣೂಕ. ನಾವು ಪಾಯಸಕ್ಕೆ ಹಾಕುವ ಆ ಒಂದು ಮುಷ್ಟಿಯ ಹಿಂದೆ ಎಷ್ಟು ಹೆಣ್ಣುಮಕ್ಕಳ ಕೈ ಇದೆ! ಕೇಳಿಕೊಂಡು ಅವರ ಫೋಟೋ ತೆಗೆದೆ. ಒಬ್ಬಾಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಚಂದ ಬರಬೇಕ್ರಿ ಬಾಯಾರ" ಎಂದು ತಾಕೀತು ಮಾಡಿದಳು.

ಮೈಲಿಗಲ್ಲಿನ ಫೋಟೋವನ್ನೂ ತೆಗೆದೆ, ಮನೆಯವರ ಚೇಷ್ಟೆಗಾದರೂ ಬೇಕಲ್ಲ! ಆಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾನು ಸಣ್ಣವಳಿದ್ದಾಗ ಈ ಕಲ್ಲುಗಳ ತಲೆ ಹಸಿರು ಇತ್ತು. ಈಗ ಹಳದಿ. ಹಸಿರು ತಲೆ ಎಂದರೆ ರಾಜ್ಯ ಹೆದ್ದಾರಿ, ಹಳದಿ ಎಂದರೆ ರಾಷ್ಟ್ರೀಯ ಹೆದ್ದಾರಿ ಎಂದು ಮಗಳು ಹೇಳಿದಳು. ನನ್ನ ತವರಿನ ರಸ್ತೆ ರಾಷ್ಟ್ರದ ರಸ್ತೆಯಾಗಿ, 548ಬಿ ಎಂದು ನಂಬರನ್ನೂ ಪಡೆದಿದೆ. ನಾನು ನೋಡದೇ ಇದ್ದಾಗ ಏನೇನು ಬದಲಾಗುತ್ತವೆ ನೋಡಿ.

ಆಮೇಲೆ ಆ ಜಾಗ ಬಂತು. ನಮ್ಮ ಹೊಲಕ್ಕೆ ಹೊರಳುವ ದಾರಿಯಲ್ಲಿ ಒಂದು ದೊಡ್ಡ ಬೇವಿನ ಗಿಡ. ಬಸ್ಸಿನವರೂ "ಬೇವಿನ ಗಿಡ ಯಾರ್ರೀ, ಇಳೀರಿ" ಎನ್ನುತ್ತಿದ್ದರು. ನಾನು ತವರಿಗೆ ಬರುವ ದಿನ ಅಪ್ಪ ಅದರ ಬುಡದಲ್ಲೇ ಕೂತಿರುತ್ತಿದ್ದರು. ತಿರುಗಿ ಹೋಗುವಾಗ ಜೋಳದ ಚೀಲ, ಶೇಂಗಾದ ಗಂಟು ಬಸ್ಸಿಗೆ ಏರಿಸಿ, ಬಸ್ಸು ಕಣ್ಮರೆಯಾಗುವ ತನಕ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ನನಗೆ ಅಪ್ಪ ಕಾಣುವುದು ನಿಂತರೂ ಗಿಡದ ತಲೆ ಇನ್ನೂ ಸ್ವಲ್ಪ ದೂರ ಕಾಣುತ್ತಿತ್ತು.

ಗಿಡ ಇರಲಿಲ್ಲ.

ದಪ್ಪನೆಯ ಬುಡ ಮಾತ್ರ ನೆಲಕ್ಕೆ ಸಮನಾಗಿ ಇತ್ತು. ಅಂಚಿಗೆ ನಾಲ್ಕು ಎಳೆಯ ಚಿಗುರು. ನಾನು ರಸ್ತೆ ಪಕ್ಕ ನಿಂತೇಬಿಟ್ಟೆ. ಮನೆ ಅಲ್ಲಿಂದ ಕೂಗಳತೆ. ಮಗಳು, "ಹೋಗೂಣೇನವ್ವಾ?" ಎಂದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಬುಡದ ಫೋಟೋ ಒಂದು ತೆಗೆದು, ಹಾಗೇ ತಿರುಗಿ ಬಂದೆವು. ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಗಿಡದ ಕೆಳಗೆ ಅಪ್ಪ ನಿಂತ ಒಂದೇ ಒಂದು ಫೋಟೋ ನಮ್ಮ ಹತ್ತಿರ ಇಲ್ಲ. ಗಿಡ ಎಲ್ಲಿ ಹೋಗುತ್ತದೆ, ಅಪ್ಪ ಎಲ್ಲಿ ಹೋಗುತ್ತಾರೆ ಎಂದು ತಿಳಿದಿದ್ದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಫೋಟೋವನ್ನು ತಮ್ಮನಿಗೆ ಕಳಿಸಿದೆ. ಒಂದಕ್ಷರವನ್ನೂ ಬರೆಯಲಿಲ್ಲ. ಅವನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಎರಡು ದಿನ ಬರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಎರಡು ಸಲ ಹಾಕಿ ಮನೆಯವರಿಂದ ಅನ್ನಿಸಿಕೊಂಡೆ. ಮೂರನೆಯ ದಿನ ಫೋನಿಗೆ ಅವನ ಧ್ವನಿ ಬಂತು. ಅವನು ಬರೆಯುವವನಲ್ಲ.

"ಅಕ್ಕಾ, ಹೋದ ವರ್ಷ ಗಾಳಿ ಮಳಿಗೆ ಬಿತ್ತು ಗಿಡ. ರಾತ್ರಿ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ನಿನಗ ಹೇಳಬೇಕಂತ ಫೋನ್ ಕೈಯಾಗ ತಗೊಂಡಿದ್ದೆ. ಆ ಕಟ್ಟಿಗ್ಯಾಗ ಎರಡು ಮಣಿ ಮಾಡಿಸೀನಿ. ಒಂದು ನಿಂದು. ಕೊಡಾಕ ಹ್ಯಾಂಗ ಬರಬೇಕಂತ ತಿಳೀಲಿಲ್ಲ."

ಅಷ್ಟೇ ಮಾತು. ನಾನು ಅದನ್ನು ಎಷ್ಟು ಸಲ ಕೇಳಿದೆ ಎಂದು ಹೇಳಿದರೆ ನೀವು ನಗುತ್ತೀರಿ.

ಶ್ರಾವಣದಲ್ಲಿ ಪಂಚಮಿಗೆ ಕರೆಯಲು ಅವನೇ ಬಂದ. ಬೇವಿನ ಮಣೆ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದಿದ್ದ. ಹೊಲದ ಮಾತನ್ನೂ ಆಡಿದೆವು. ಅದು ಒಂದೇ ದಿನದಲ್ಲಿ ಮುಗಿಯುವಂಥದಲ್ಲ. ನನ್ನ ಪಾಲು ನಾನು ಬಿಟ್ಟುಕೊಟ್ಟಿಲ್ಲ, ಅವನೂ ಬಿಡು ಎನ್ನಲಿಲ್ಲ. ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆದೆವು. ಅವನು ತೀರಿಸಿದ ಸಾಲವನ್ನೂ ಪಕ್ಕದಲ್ಲಿ ಬರೆದೆವು, ನಾನೇ ಬರೆಯಲು ಹೇಳಿದೆ. ಅವನ ಸಾಲದ ಕಾಗದಕ್ಕೆ ಓದಿ ನೋಡಿ ಸಹಿ ಹಾಕಿದೆ. ಮೂರು ವರ್ಷದ ಹಿಂದೆಯೇ ಎರಡೂ ಲೆಕ್ಕ ಒಂದೇ ಹಾಳೆಯಲ್ಲಿ ಬರೆಯಬಹುದಿತ್ತು. ಇಬ್ಬರಿಗೂ ಹೊಳೆಯಲಿಲ್ಲ.

ಗೆಳತಿಯರೇ, ಇದನ್ನೆಲ್ಲ ಹೇಳಿದ ಕಾರಣ ಇಷ್ಟೇ. ನಿಮಗೂ ಒಂದು ರಸ್ತೆ ಇರುತ್ತದೆ. ತವರಿನದಿರಬಹುದು, ಸಾಲಿಯದಿರಬಹುದು. ಒಂದು ಮುಂಜಾನೆ ಬಿಡುವು ಮಾಡಿಕೊಂಡು ಅದರ ಫೋಟೋ ತೆಗೆಯಿರಿ. ನನ್ನ ಮಗಳು ನನಗೆ ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ. ಮೊದಲು ಫೋನಿನ ಕಣ್ಣನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಿ, ಒಗ್ಗರಣೆಯ ಜಿಡ್ಡು ಅಂಟಿರುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ನಡು ಮಧ್ಯಾಹ್ನದ ಬಿಸಿಲು ಬೇಡ, ಮುಂಜಾನೆಯ ಬೆಳಕಿನಲ್ಲಿ ನಮ್ಮ ಹಳೇ ಕಲ್ಲೂ ಜೇನಿನ ಬಣ್ಣಕ್ಕೆ ಬರುತ್ತದೆ. ಗಿಡವಾಗಲಿ ಕಮಾನಾಗಲಿ, ಪಕ್ಕದಲ್ಲಿ ಒಬ್ಬ ಮನುಷ್ಯರನ್ನು ನಿಲ್ಲಿಸಿ, ಎತ್ತರ ಎಷ್ಟೆಂದು ಆಗಲೇ ತಿಳಿಯುತ್ತದೆ. ಜನರ ಫೋಟೋ ತೆಗೆಯುವಾಗ ಕೇಳಿ ತೆಗೆಯಿರಿ. ರಸ್ತೆಯ ನಡುವೆ ಮಾತ್ರ ನಿಲ್ಲಬೇಡಿ, ಕಬ್ಬಿನ ಲಾರಿಗಳಿಗೆ ನಿಮ್ಮ ಫೋಟೋದ ಚಿಂತೆ ಇಲ್ಲ! ಮನೆಗೆ ಬಂದು ಊರು, ದಿನ ಬರೆದಿಡಿ. ಸಾಧ್ಯವಾದರೆ ನಾಲ್ಕನ್ನಾದರೂ ಅಚ್ಚು ಹಾಕಿಸಿ ಆಲ್ಬಮ್ಮಿಗೆ ಹಚ್ಚಿ, ಫೋನು ಕೆಟ್ಟರೆ ಎಲ್ಲವೂ ಹೋಗುತ್ತದೆ.

ಈ ಸಲದ ಪಂಚಮಿಯಲ್ಲಿ ನಾನೂ ಒಂದು ಫೋಟೋ ತೆಗೆಸಿದೆ. ಬೇವಿನ ಬುಡದ ಪಕ್ಕ ತಮ್ಮ ನಿಂತಿದ್ದಾನೆ. ಚಿಗುರು ಅವನ ಮೊಣಕಾಲಿನವರೆಗೆ ಬಂದಿದೆ. ಮುಂದಿನ ವರ್ಷ ಅದೇ ಜಾಗದಲ್ಲಿ ಅವನನ್ನು ಮತ್ತೆ ನಿಲ್ಲಿಸಿ ತೆಗೆಯಬೇಕೆಂದಿದ್ದೇನೆ, ಎಷ್ಟು ಬೆಳೆಯುತ್ತದೋ ನೋಡೋಣ.